ಹಳೆ ಮನೆಗೆ ಹೊಸ ಅನುಕೂಲ: ಕೆಲಸ ಎಲ್ಲಿಂದ ಶುರು ಮಾಡಬೇಕು?

ಹಿರಿಯರು ಬಾಳಿದ ಮನೆಯನ್ನು ಹೊಸದಾಗಿಸಬೇಕು ಅನ್ನಿಸಿದಾಗ ಮೊದಲು ಕೈ ಹೋಗುವುದು ಬಣ್ಣದ ಕ್ಯಾಟಲಾಗಿಗೆ. ಅದನ್ನು ಪಕ್ಕಕ್ಕಿಡಿ. ಒಂದು ನೋಟ್‌ಬುಕ್ ಹಿಡಿದು ಮನೆಯೊಳಗೆ ಓಡಾಡಿ, ಏನೇನು ಮುಟ್ಟಬಾರದು ಅಂತ ಬರೆದುಕೊಳ್ಳಿ. ಕಂಬ, ತೊಲೆ, ಬಾಗಿಲ ಚೌಕಟ್ಟು, ಸವೆದ ಹೊಸ್ತಿಲು, ಗೋಡೆಯ ಗೂಡು. ಇವನ್ನು ಒಮ್ಮೆ ಕಿತ್ತರೆ ಮತ್ತೆ ಬರುವುದಿಲ್ಲ. ಅಡುಗೆಮನೆ, ಬಚ್ಚಲು, ವೈರಿಂಗ್ ವಿಷಯದಲ್ಲಿ ಮಾತ್ರ ಧಾರಾಳವಾಗಿರಿ.

ಆಮೇಲೆ ನೀರು. ಚಾವಣಿ ಸೋರುತ್ತಿದೆಯಾ, ಗೋಡೆಯ ಬುಡ ತೇವವಾಗಿದೆಯಾ ನೋಡಿ. ಅದನ್ನು ಸರಿಮಾಡದೆ ಒಳಗೆ ಎಷ್ಟು ಖರ್ಚು ಮಾಡಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ವೈರಿಂಗ್ ತೀರಾ ಹಳೆಯದಾಗಿದ್ದರೆ ಪೂರ್ತಿ ಬದಲಾಯಿಸಿ. ರಬ್ಬರ್ ಹೊದಿಕೆಯ ವೈರು ವರ್ಷ ಕಳೆದಂತೆ ಪೆಡಸಾಗಿ ಬಿರುಕು ಬಿಡುತ್ತದೆ. ಶಾಕಿನ ಅಪಾಯ ತಗ್ಗಿಸಲು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ತಾನಾಗಿಯೇ ಆಫ್ ಆಗುವ ಸ್ವಿಚ್) ಹಾಕಿಸಿ. ಸುಮ್ನೆ ಗೋಡೆ ಕೊರೆಸಬೇಡಿ, ತೊಲೆಯ ಬದಿಯಲ್ಲೇ ವೈರಿನ ಪೈಪ್ ಎಳೆಯಬಹುದು.

ಜಾಸ್ತಿ ತಪ್ಪಾಗುವುದು ಗೋಡೆಯಲ್ಲಿ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಬಿಟ್ಟುಬಿಡಿ. ಟೊಳ್ಳು ಸದ್ದು ಬಂದ ಕಡೆ ಗಾರೆ ಗೋಡೆಯನ್ನು ಬಿಟ್ಟಿದೆ ಎಂದರ್ಥ. ಅಷ್ಟನ್ನೇ ಕಿತ್ತು ಸುಣ್ಣದ ಗಾರೆಯನ್ನೇ ತುಂಬಿಸಿ. ಸಿಮೆಂಟ್ ಬೇಗ ಆಗುತ್ತೆ ಅಂತ ಕೆಲಸದವರು ಹೇಳಿಯೇ ಹೇಳುತ್ತಾರೆ. ದಯವಿಟ್ಟು ಒಪ್ಪಬೇಡಿ. ಸುಣ್ಣದ ಗೋಡೆ ತೇವ ಹೀರಿಕೊಂಡು ಮತ್ತೆ ಗಾಳಿಗೆ ಬಿಡುತ್ತದೆ. ಮೇಲೆ ಸಿಮೆಂಟೋ ಪ್ಲಾಸ್ಟಿಕ್ ಪೇಂಟೋ ಬಿದ್ದರೆ ಆ ದಾರಿ ಮುಚ್ಚುತ್ತದೆ. ಪೇಂಟು ಗುಳ್ಳೆ ಏಳುತ್ತದೆ, ಪಕ್ಕದ ಒಳ್ಳೆಯ ಗಾರೆಯೂ ಉದುರತೊಡಗುತ್ತದೆ. ಹೊಸ ಗಾರೆಯನ್ನು ತೆಳುವಾಗಿ, ಒಂದೊಂದೇ ಪದರ ಮೆತ್ತಿಸಿ. ಅದು ಗಟ್ಟಿಯಾಗುವುದು ನಿಧಾನ, ಕೆಲವು ದಿನ ನೀರು ಚಿಮುಕಿಸುತ್ತಿರಿ. ಮೇಲೆ ಸುಣ್ಣ ಬಳಿದರೆ ಸಾಕು. ಬಣ್ಣ ಬೇಕಿದ್ದರೆ ಸುಣ್ಣಕ್ಕೇ ಬೆರೆಸಿ.

ಮರದ ಕೆಲಸಕ್ಕೂ ಅವಸರ ಬೇಡ. ಬಾಗಿಲ ಹಿಂದೆ, ಕೀಲಿನ ಹತ್ತಿರ, ನಾಣ್ಯದಷ್ಟು ಜಾಗದಲ್ಲಿ ಪೇಂಟ್ ತೆಗೆದು ನೋಡಿ. ಕೆಳಗೆ ಮರದ ಎಳೆ, ಉಳಿಯ ಗುರುತು ಕಂಡಾಗ ಆಗುವ ಖುಷಿಯೇ ಬೇರೆ! ಆದರೆ ಹಳೆ ಪೇಂಟಿನಲ್ಲಿ ಸೀಸ ಇರಬಹುದು. ಪರೀಕ್ಷೆ ಮಾಡಿಸದೆ ಒಣಗಿದ್ದ ಹಾಗೇ ಉಜ್ಜಬೇಡಿ, ಆ ಧೂಳು ಮಕ್ಕಳಿಗೆ ಅಪಾಯ. ಶುಚಿಯಾದ ಮರಕ್ಕೆ ಅಗಸೆ ಎಣ್ಣೆ ತೆಳುವಾಗಿ ಹಚ್ಚಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿ.

ಬೆಳಕಿಗೆ 2700 ಕೆಲ್ವಿನ್‌ನ ಎಲ್‌ಇಡಿ ಚೆನ್ನ. ಬಿಳಿ ಟ್ಯೂಬ್‌ಲೈಟಿಗಿಂತ ಆ ಹಳದಿ ಬೆಳಕಿನಲ್ಲಿ ಮರದ ಬಣ್ಣ ಎದ್ದು ಕಾಣುತ್ತದೆ.

ಅಡುಗೆಮನೆಯ ಕಪಾಟುಗಳು ಗೋಡೆಗೆ ನೇತುಬೀಳುವ ಬದಲು ತಮ್ಮ ಕಾಲ ಮೇಲೇ ನಿಲ್ಲಲಿ. ಮುಂದೆ ಯಾರಾದರೂ ಬದಲಾಯಿಸಬೇಕೆಂದರೆ ಗೋಡೆಗೆ ಗಾಯವಾಗುವುದಿಲ್ಲ, ಅಲ್ವಾ? ಇನ್ನೊಂದು ಮಾತು: ಪೈಪು, ವೈರು ಎಲ್ಲೆಲ್ಲಿ ಹೋಗಿದೆ ಅಂತ ಗಾರೆ ಮುಚ್ಚುವ ಮೊದಲೇ ಫೋಟೊ ತೆಗೆದಿಡಿ.