ಅತಿನೈಜ ಶಿಲ್ಪ ಮಾಡುವ ಬಗೆ: ರಾನ್ ಮ್ಯೂಕ್ ಅವರ ಕೆಲಸವನ್ನು ಮುಂದಿಟ್ಟುಕೊಂಡು

ಹೈಪರ್‌ರಿಯಲಿಸಂ ಎಂದು ಕರೆಯುವ ಅತಿನೈಜ ಶೈಲಿಯಲ್ಲಿ ಶಿಲ್ಪ ಮಾಡಬಯಸುವವರು ಬಹುಮಟ್ಟಿಗೆ ರೋಮ, ಸುಕ್ಕು, ಚರ್ಮದ ರಂಧ್ರಗಳಿಂದಲೇ ಯೋಚನೆ ಆರಂಭಿಸುತ್ತಾರೆ. ಆದರೆ ಈ ಕಲೆಯ ದೊಡ್ಡ ಹೆಸರಾದ ರಾನ್ ಮ್ಯೂಕ್ ಅವರ ಕೃತಿಗಳ ಶಕ್ತಿ ಇರುವುದು ಭಂಗಿ ಮತ್ತು ಗಾತ್ರಗಳ ಆಯ್ಕೆಯಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

1958ರಲ್ಲಿ ಮೆಲ್ಬರ್ನ್‌ನಲ್ಲಿ ಆಟಿಕೆ ತಯಾರಕರ ಮನೆಯಲ್ಲಿ ಹುಟ್ಟಿದ ಮ್ಯೂಕ್, ಮಕ್ಕಳ ಟೆಲಿವಿಷನ್‌ಗೆ ಬೊಂಬೆ ಮಾಡಿ, ಹೆಸರಾಂತ ಅಮೆರಿಕನ್ ಬೊಂಬೆ ಕಲಾವಿದ ಜಿಮ್ ಹೆನ್ಸನ್ ಅವರೊಂದಿಗೆ ದುಡಿದು, ಬಳಿಕ ಲಂಡನ್ನಿನಲ್ಲಿ ಜಾಹೀರಾತುಗಳಿಗೆ ಮಾದರಿಗಳನ್ನು ತಯಾರಿಸುತ್ತಿದ್ದರು. ಕ್ಯಾಮೆರಾ ಕಾಣುವ ಪಕ್ಕವಷ್ಟೇ ಸರಿಯಿದ್ದರೆ ಸಾಕಾಗುವ ಆ ಕೆಲಸವನ್ನು ಬಿಟ್ಟು, ಎಲ್ಲ ದಿಕ್ಕಿನಿಂದ ನೋಡಿದರೂ ಸರಿಯಾಗಿ ಕಾಣುವ ಆಕೃತಿಗಳತ್ತ ಅವರು ಹೊರಳಿದರು. 1997ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಪ್ರದರ್ಶನದಲ್ಲಿ ಅವರ ‘ಡೆಡ್ ಡ್ಯಾಡ್’ ಎಲ್ಲರ ಗಮನ ಸೆಳೆಯಿತು.

ಆ ಕೃತಿಯಲ್ಲಿ ಬೆತ್ತಲೆಯಾಗಿ ಮಲಗಿರುವ ತಂದೆಯ ಶವದ ಉದ್ದ ಒಂದು ಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ನೋಡುವವರು ತಾವಾಗಿಯೇ ಬಾಗುತ್ತಾರೆ. ಇದಕ್ಕೆ ವಿರುದ್ಧವಾಗಿ, 1999ರ ‘ಬಾಯ್’ ಕುಕ್ಕರಗಾಲಿನಲ್ಲಿ ಕುಳಿತೇ ಸುಮಾರು 5 ಮೀಟರ್ ಎತ್ತರವಿದೆ. ನಿಜಗಾತ್ರವನ್ನು ಮ್ಯೂಕ್ ಬೇಕೆಂದೇ ದೂರವಿಟ್ಟವರು. ಆದುದರಿಂದ ಮೊದಲು ಅಂಗೈಯಗಲದ ಮಣ್ಣಿನ ಮಾದರಿಗಳಲ್ಲಿ ಹಲವು ಭಂಗಿಗಳನ್ನು ಪರೀಕ್ಷಿಸಿರಿ. ನೋಡುವವರು ಬಾಗಬೇಕೋ, ತಲೆಯೆತ್ತಬೇಕೋ ಎಂಬುದನ್ನು ನಿಶ್ಚಯಿಸಿಕೊಂಡ ಮೇಲೆಯೇ ದೊಡ್ಡ ಆಕೃತಿಗೆ ಕೈಹಾಕಿರಿ.

ಕಬ್ಬಿಣದ ಸರಳು ಮತ್ತು ತಂತಿಜಾಲರಿಯ ಚೌಕಟ್ಟಿನ ಮೇಲೆ ಜೇಡಿಮಣ್ಣನ್ನು ಮೆತ್ತುತ್ತಾ ತಲೆ, ಎದೆ, ಸೊಂಟಗಳ ಅಳತೆ ಸರಿಯಾಗುವವರೆಗೂ ಚರ್ಮದ ವಿವರಗಳನ್ನು ಮುಟ್ಟಬಾರದು. ಒಣಗಿದರೆ ಮಣ್ಣು ಬಿರಿಯುವುದರಿಂದ ಕೆಲಸ ನಿಂತಾಗಲೆಲ್ಲ ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಬೇಕು. ಸುಕ್ಕುಗಳನ್ನು ಕೊರೆಯುವಾಗ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಮೇಲೆ ಹಾಸಿಕೊಂಡು ಒತ್ತಿದರೆ ಗೆರೆಯ ಅಂಚುಗಳು ಮೃದುವಾಗಿ, ಗೀರಿದಂತೆ ಕಾಣುವುದಿಲ್ಲ. ಹಣೆಯ ರಂಧ್ರಗಳೂ ಕೆನ್ನೆಯ ರಂಧ್ರಗಳೂ ಒಂದೇ ತೆರನಾಗಿರುವುದಿಲ್ಲ. ಈ ವ್ಯತ್ಯಾಸವನ್ನು ತಪ್ಪದೆ ಉಳಿಸಿಕೊಳ್ಳಿರಿ.

ಮಣ್ಣಿನ ಆಕೃತಿ ಮುಗಿದ ಮೇಲೆ ಅಚ್ಚು ತೆಗೆಯಲು, ರಬ್ಬರಿನಂತೆ ಗಟ್ಟಿಯಾಗುವ ಸಿಲಿಕೋನಿನ ಮೊದಲ ಪದರವನ್ನು ಅದರ ಮೈಗೆ ಗಾಳಿಗುಳ್ಳೆ ಉಳಿಯದಂತೆ ತೆಳುವಾಗಿ ಹಚ್ಚಿ, ಮೇಲೆ ದಪ್ಪ ಪದರಗಳನ್ನೂ ಪ್ಲಾಸ್ಟರ್ ಅಥವಾ ಫೈಬರ್‌ಗ್ಲಾಸಿನ (ಗಾಜಿನ ನಾರು ಸೇರಿಸಿದ ರಾಳದ) ಗಟ್ಟಿ ಕವಚವನ್ನೂ ಕೊಡಬೇಕು. ಜೇಡಿಮಣ್ಣಿನ ಬದಲು ಗಂಧಕವಿರುವ ಎಣ್ಣೆಮಣ್ಣನ್ನು ಬಳಸಿದರೆ, ಪ್ಲಾಟಿನಂ ನೆರವಿನಿಂದ ಗಡಸಾಗುವ ಬಗೆಯ ಸಿಲಿಕೋನ್ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಮೊದಲೇ ಸಣ್ಣ ತುಣುಕಿನ ಮೇಲೆ ಪರೀಕ್ಷಿಸುವುದು ಕ್ಷೇಮ.

ಅಚ್ಚಿನೊಳಗೆ ಸಿಲಿಕೋನ್ ಅಥವಾ ರಾಳ ತುಂಬಿ ಅಂತಿಮ ಆಕೃತಿ ಪಡೆಯುವ ಎರಕದಲ್ಲಿ ಬಣ್ಣದ ಕ್ರಮ ಹಿಂದುಮುಂದಾಗುತ್ತದೆ ಎಂಬುದನ್ನು ನಿಧಾನವಾಗಿ ಗ್ರಹಿಸಬೇಕು. ಅಚ್ಚಿನ ಒಳಮೈಗೆ ಮೊದಲು ತಗಲುವ ಪದರವೇ ಕೊನೆಗೆ ಹೊರಚರ್ಮವಾಗುವುದರಿಂದ, ಅರೆಪಾರದರ್ಶಕವಾದ ತೆಳುಪದರವನ್ನು ಮೊದಲು ಬಳಿದು, ಅದರ ಹಿಂದೆ ಕೆಂಪು ಕಲೆಗಳನ್ನೂ ನೀಲಿ ನರಗಳನ್ನೂ ಬಿಡಿಸಿ, ಆಮೇಲೆ ದಪ್ಪ ಪದರವನ್ನು ತುಂಬಬೇಕು. ಫೈಬರ್‌ಗ್ಲಾಸಿಗೆ ಬಳಸುವ ಪಾಲಿಯೆಸ್ಟರ್ ರಾಳದ ಆವಿ ಹಾನಿಕರ. ಗಾಳಿಯಾಡುವ ಜಾಗ, ಆವಿ ತಡೆಯುವ ಮುಖಗವಸು ಮತ್ತು ಕೈಗವಸು ಇಲ್ಲದೆ ಅದನ್ನು ಕಲಸಲೇಬಾರದು.

ಕೂದಲನ್ನು ಒಂದೊಂದಾಗಿಯೇ ನೆಡಬೇಕು. ಸಿಲಿಕೋನಿನಲ್ಲಿ ಸೂಜಿಯಿಂದ ಚುಚ್ಚಿ ಕೂರಿಸಬಹುದು. ಫೈಬರ್‌ಗ್ಲಾಸಿನಲ್ಲಿ ಪ್ರತಿಯೊಂದಕ್ಕೂ ರಂಧ್ರ ಕೊರೆಯಬೇಕು. ‘ಡೆಡ್ ಡ್ಯಾಡ್’ಗೆ ಮ್ಯೂಕ್ ಬಳಸಿದ್ದು ತಮ್ಮದೇ ಕೂದಲನ್ನು. ಹುಬ್ಬಿನ ಕೂದಲು ಮೂಗಿನ ಬಳಿ ಮೇಲ್ಮುಖವಾಗಿ ಎದ್ದು ಕ್ರಮೇಣ ಕಿವಿಯತ್ತ ಬಾಗುತ್ತದೆ. ನೆಡುವ ಕೋನ ತಪ್ಪಿದರೆ ಮುಖ ಬೊಂಬೆಯಂತಾಗುತ್ತದೆ. ಹಾಗಾದಾಗ ಆ ಸಾಲನ್ನು ಕಿತ್ತು ಮತ್ತೆ ನೆಡುವುದೊಂದೇ ದಾರಿ.