ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಾರಿನ ಬಾಡಿ: ನನ್ನ ಅನುಭವ

ಕಾರಿನ ಫೈಬರ್ (ಗಾಜಿನ ನಾರಿನ) ಬಾಡಿಯನ್ನು ಪೂರ್ತಿಯಾಗಿ ನಾನೇ ಮಾಡಿದೆ. 2 ವರ್ಷ ಹಿಡಿಯಿತು. ಅದರಲ್ಲಿ 14 ತಿಂಗಳು ಹೋಗಿದ್ದು ಪ್ಯಾಟರ್ನ್ ಕೆಲಸಕ್ಕೆ. ಪ್ಯಾಟರ್ನ್ ಅಂದರೆ ಬಾಡಿಯದೇ ಅಳತೆಯ, ಬಾಡಿಯದೇ ಆಕಾರದ ಅಚ್ಚಿನ ಮೂಲ. ಅದರ ಮೇಲೆ ಮೋಲ್ಡ್ ತೆಗೆದು, ಮೋಲ್ಡ್ ಒಳಗೆ ಬಾಡಿ ಹಾಕುವುದು. ಫೈಬರ್ ಬಾಡಿ ಅಂದ ತಕ್ಷಣ ಎಲ್ಲರೂ ಕೇಳುವುದು ರೆಸಿನ್ (ಗಟ್ಟಿಯಾಗುವ ಅಂಟು ದ್ರವ) ಬಗ್ಗೆ, ಮ್ಯಾಟ್ (ಗಾಜಿನ ನಾರಿನ ಹಾಸು) ಬಗ್ಗೆ. ಆದರೆ ಪ್ಯಾಟರ್ನ್‌ನಲ್ಲಿ ಉಳಿದ ಒಂದು ಸಣ್ಣ ಉಬ್ಬು ಮೋಲ್ಡಿಗೂ ಬರುತ್ತದೆ, ಬಾಡಿಗೂ ಬರುತ್ತದೆ. ಬಣ್ಣ ಹೊಡೆದ ಮೇಲೆ ಇನ್ನೂ ಎದ್ದು ಕಾಣುತ್ತದೆ.

ಮೊದಲು ಗಾಡಿಯ ವಿಷಯ. ಚಾಸಿ (ಕೆಳಗಿನ ಚೌಕಟ್ಟು) ಬೇರೆ, ಬಾಡಿ ಬೇರೆ ಇರುವ ಹಳೆಯ ಗಾಡಿಯನ್ನೇ ಹುಡುಕಿ ತಂದೆ. ಈಗಿನ ಬಹುಪಾಲು ಕಾರುಗಳಲ್ಲಿ ತಗಡಿನ ಬಾಡಿಯೇ ಭಾರ ಹೊರುವ ಎಲುಬು. ಅದನ್ನು ಕತ್ತರಿಸಿ ಫೈಬರ್ ಕೂರಿಸಿದರೆ ಗಾಡಿಯ ಬಲವೇ ಹೋಗುತ್ತದೆ. ದೋಣಿ ಮಾಡುತ್ತಿದ್ದ ಬ್ರೂಸ್ ಮೇಯರ್ಸ್ 1960ರ ದಶಕದಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಮೇಲೆ ಫೈಬರ್ ಬಾಡಿ ಕೂರಿಸಿ ಮ್ಯಾಂಕ್ಸ್ ಬಗ್ಗಿ ಎಂಬ ಮರಳಿನ ಮೇಲೆ ಓಡುವ ಸಣ್ಣ ಗಾಡಿ ಮಾಡಿದರಲ್ಲ, ಅದು ಸಾಧ್ಯವಾಗಿದ್ದಕ್ಕೆ ಒಂದು ಕಾರಣ ಇದೆ. ಬೀಟಲ್‌ನ ಬಾಡಿಯನ್ನು ಬೋಲ್ಟ್ ಬಿಚ್ಚಿ ಎತ್ತಿದರೆ ಕೆಳಗಿನ ಫ್ಲೋರ್‌ಪ್ಯಾನ್ (ತಳದ ತಗಡು) ಚಕ್ರ, ಎಂಜಿನ್ ಸಮೇತ ಹಾಗೇ ಉಳಿಯುತ್ತದೆ. ಇನ್ನೊಂದು ಮಾತು. ಹೀಗೆ ಬದಲಾಯಿಸಿದ ಗಾಡಿಯನ್ನು ರಸ್ತೆಗೆ ಇಳಿಸಲು ಯಾವ ಅನುಮತಿ ಬೇಕು ಎಂದು ಕತ್ತರಿ ಹಿಡಿಯುವ ಮೊದಲೇ ವಿಚಾರಿಸಿ. ಆಮೇಲೆ ವಿಚಾರಿಸಿದರೆ ಮಾಡಿದ ಕೆಲಸ ವ್ಯರ್ಥವಾಗಬಹುದು.

ಚಿತ್ರ ಬಿಡಿಸುವ ಮೊದಲು ಬದಲಾಗದ ಜಾಗಗಳನ್ನು ಗುರುತು ಮಾಡಿಕೊಂಡೆ. ಸೀಟು, ಸ್ಟೀರಿಂಗ್, ಪೆಡಲ್ ಜೋಡಿಸಿ ಕೂತೆ. ನನ್ನ ತಲೆ ಎಲ್ಲಿಗೆ ಬರುತ್ತದೆ ಎಂದು ತಮ್ಮ ಪಕ್ಕದಲ್ಲಿ ಕೋಲು ನಿಲ್ಲಿಸಿ ಗೆರೆ ಹಾಕಿದ. ಮುಂದಿನ ಚಕ್ರವನ್ನು ಪೂರ್ತಿ ತಿರುಗಿಸಿ, ಸಸ್ಪೆನ್ಷನ್ ಪೂರ್ತಿ ಅದುಮಿ, ಟಯರ್ ಎಲ್ಲಿಯವರೆಗೆ ಹೋಗುತ್ತದೆ ಎಂದು ಅಳೆದೆವು. ರೇಡಿಯೇಟರ್‌ಗೆ ಗಾಳಿ ಬರುವ ದಾರಿಯನ್ನೂ ಬಿಟ್ಟೆವು. ಮುಂದಿನ ಗಾಜನ್ನು ಮಾತ್ರ ಮೊದಲೇ ಕೊಂಡೆ. ಬಾಗಿದ ಲ್ಯಾಮಿನೇಟೆಡ್ ಗಾಜನ್ನು ಮನೆಯಲ್ಲಿ ಮಾಡಲು ಆಗುವುದಿಲ್ಲ. ಸುಲಭವಾಗಿ ಸಿಗುವ ಒಂದು ಕಾರಿನ ಗಾಜು ತಂದು ನಿಲ್ಲಿಸಿ, ಅದರ ಬಾಗಿಗೆ ತಕ್ಕಂತೆ ಕಂಬ, ಟಾಪು, ಬಾನೆಟ್ ಎಳೆದೆ. ಈ ಒಂದು ವಿಷಯದಲ್ಲಿ ಯಾರು ಕೇಳಿದರೂ ನಾನು ಗಟ್ಟಿಯಾಗಿ ಹೇಳುತ್ತೇನೆ: ಗಾಜು ಮೊದಲು, ಚಿತ್ರ ಆಮೇಲೆ.

ಚಾಸಿಯ ನಟ್ಟನಡುವೆ ದಾರ ಕಟ್ಟಿ, ತೂಗುಗುಂಡು ಬಿಟ್ಟು, ಪ್ರತಿ 20 ಸೆಂಟಿಮೀಟರಿಗೆ ಒಂದು ಪ್ಲೈವುಡ್ ಹಲಗೆ ನಿಲ್ಲಿಸಿದೆ. ಆ ಜಾಗದಲ್ಲಿ ಬಾಡಿಯನ್ನು ಅಡ್ಡಕ್ಕೆ ಕತ್ತರಿಸಿದರೆ ಹೇಗೆ ಕಾಣುತ್ತದೋ ಅದೇ ಆಕಾರ ಆ ಹಲಗೆಗೆ. ಮಧ್ಯದ ಜಾಗ ತುಂಬಲು ಥರ್ಮಾಕೋಲ್ ಸಾಕು ಅಂದುಕೊಂಡಿದ್ದೆ. ಒಂದು ತುಂಡಿನ ಮೇಲೆ ಪಾಲಿಯೆಸ್ಟರ್ ರೆಸಿನ್ ಹನಿ ಬಿಟ್ಟು ನೋಡಿದೆ. ಹನಿ ಬಿದ್ದ ಕಡೆ ಥರ್ಮಾಕೋಲ್ ಕರಗಿ, ನೋಡುತ್ತಿದ್ದಂತೆ ಬೆರಳು ತೂರುವಷ್ಟು ಗುಂಡಿ ಆಯಿತು. ರೆಸಿನ್‌ನಲ್ಲಿರುವ ಸ್ಟೈರೀನ್ ಎಂಬ ದ್ರಾವಕ ಅದನ್ನು ತಿಂದುಬಿಡುತ್ತದೆ. ಹಾಗಾಗಿ ಪಾಲಿಯುರಿಥೇನ್ ಫೋಮ್ ಹಾಕಿದೆ. ಅದನ್ನು ಗರಗಸ, ತುರಿಮಣೆಯಂಥ ಅರದಿಂದ ಕೆತ್ತಿ, ಮೇಲೆ ತೆಳುವಾಗಿ ಮ್ಯಾಟ್ ಮತ್ತು ರೆಸಿನ್, ಅದರ ಮೇಲೆ ಪುಟ್ಟಿ.

ಆಮೇಲೆ ಉಜ್ಜುವುದು. ಕೈಯಲ್ಲಿ ಎಮರಿ ಪೇಪರ್ ಹಿಡಿದು ಸುಮ್ನೆ ಉಜ್ಜಿದರೆ ಬೆರಳು ಒತ್ತಿದ ಕಡೆ ತಗ್ಗು ಬೀಳುತ್ತದೆ. ಮೊಳದುದ್ದದ ಬಾಗುವ ಪಟ್ಟಿಗೆ ಪೇಪರ್ ಅಂಟಿಸಿ, ಓರೆಯಾಗಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಎಳೆಯಬೇಕು. ಉಜ್ಜುವ ಮೊದಲು ಕಪ್ಪು ಬಣ್ಣ ತೆಳುವಾಗಿ ಸ್ಪ್ರೇ ಮಾಡಿಕೊಂಡರೆ ಕಪ್ಪು ಉಳಿದದ್ದು ತಗ್ಗು, ಬೇಗ ಹೋದದ್ದು ಉಬ್ಬು.

ಹಗಲಲ್ಲಿ ನುಣ್ಣಗೆ ಕಂಡದ್ದು ರಾತ್ರಿ ಬೇರೆಯೇ ಕಂಡಿತು. ಪ್ಯಾಟರ್ನ್‌ಗೆ ಹೊಳೆಯುವ ಕಪ್ಪು ಪೇಂಟ್ ಹೊಡೆದು, ಒಂದು ಉದ್ದನೆಯ ಟ್ಯೂಬ್‌ಲೈಟ್ ಪಕ್ಕದಲ್ಲಿ ಹಿಡಿದು, ಬಗ್ಗಿ ನೋಡಿದೆ. ಬೆಳಕಿನ ಗೆರೆ ಬಾಗಿಲಿನ ಮೇಲೆ ನೇರವಾಗಿ ಹರಿದು ಬಂದು, ಹಿಂದಿನ ಚಕ್ರದ ಕಮಾನಿನ ಹತ್ತಿರ ಹಾವಿನ ಹಾಗೆ ಒಮ್ಮೆ ನುಲಿಯಿತು. ಕಣ್ಣು ಮುಚ್ಚಿ, ಅಂಗೈ ಮೇಲೆ ತೆಳ್ಳನೆಯ ಬಟ್ಟೆ ಇಟ್ಟು ಸವರಿದೆ. ಅಲ್ಲೊಂದು ತಗ್ಗು ಇತ್ತು, ಅರ್ಧ ಮಿಲಿಮೀಟರ್ ಇರಬಹುದು. ಅದೊಂದನ್ನು ಸರಿ ಮಾಡಲು 4 ದಿನ ಬೇಕಾಯಿತು. ಸರಿಯಾದ ರಾತ್ರಿ ಆ ಗೆರೆ ಮುಂದಿನಿಂದ ಹಿಂದಿನವರೆಗೆ ಎಲ್ಲೂ ತಡೆಯದೆ ಜಾರಿತು. ಅದನ್ನು ನೋಡುತ್ತಾ ಎಷ್ಟೋ ಹೊತ್ತು ಲೈಟ್ ಹಿಡಿದುಕೊಂಡೇ ನಿಂತಿದ್ದೆ.

ಮೋಲ್ಡ್ ತೆಗೆಯುವುದು ಕ್ರಮದ ಕೆಲಸ. ವ್ಯಾಕ್ಸ್ ಪಾಲಿಶ್ 6 ಸಲ, ಮೇಲೆ ಪಿವಿಎ (ಅಂಟಿಕೊಳ್ಳದಂತೆ ಹಚ್ಚುವ ತೆಳು ಪೊರೆ), ನಂತರ ಜೆಲ್‌ಕೋಟ್ (ಹೊರಮೈಯಾಗುವ ರೆಸಿನ್ ಪದರ), ನಂತರ ಮ್ಯಾಟ್. ಒಳಕ್ಕೆ ತಿರುಗಿದ ಅಂಚುಗಳಿರುವ ಕಡೆ ಮೋಲ್ಡನ್ನು ತುಂಡುಗಳಾಗಿ ಮಾಡಿ ಬೋಲ್ಟ್ ಹಾಕಿದೆ. ಇಲ್ಲದಿದ್ದರೆ ಬಾಡಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಮೋಲ್ಡ್ ಒಳಗೆ ಬಾಡಿ ಹಾಕುವಾಗ ಬಲಗಡೆ ಭಾಗ ಮೊದಲ ಸಲ ಕೆಟ್ಟಿತು. ಜೆಲ್‌ಕೋಟ್ ಸುಮಾರು ಅರ್ಧ ಮಿಲಿಮೀಟರ್ ಇರಬೇಕು. ಒಂದು ಮೂಲೆಯಲ್ಲಿ ತೆಳುವಾಗಿತ್ತು, ಪೂರ್ತಿ ಗಟ್ಟಿಯೂ ಆಗಿರಲಿಲ್ಲ. ಅದರ ಮೇಲೆ ರೆಸಿನ್ ಹಚ್ಚಿದ ಕೂಡಲೇ ಸ್ಟೈರೀನ್ ಒಳಗಿಳಿದು ಜೆಲ್‌ಕೋಟ್ ಮೊಸಳೆ ಚರ್ಮದ ಹಾಗೆ ಸುಕ್ಕಾಯಿತು. ಕಿತ್ತು ಹಾಕಿ ಮತ್ತೆ ಮಾಡಿದೆ. ಆಮೇಲಿಂದ ಬೆರಳಿನಿಂದ ಮುಟ್ಟಿ ನೋಡುತ್ತಿದ್ದೆ: ಅಂಟಂಟಾಗಿರಬೇಕು, ಆದರೆ ಬೆರಳಿಗೆ ಬಣ್ಣ ಮೆತ್ತಬಾರದು.

ರೆಸಿನ್ ಬೆರೆಸುವಾಗ ನೂರಕ್ಕೆ 1ರಿಂದ 2 ಭಾಗ ಹಾರ್ಡನರ್ (ರೆಸಿನ್ ಗಟ್ಟಿ ಮಾಡುವ ರಾಸಾಯನಿಕ). ನಾನು ತೂಕದ ಯಂತ್ರ ಬಿಟ್ಟು ಕಣ್ಣಂದಾಜಿನಲ್ಲಿ ಒಮ್ಮೆಯೂ ಹಾಕಲಿಲ್ಲ. ಮಗ್‌ನಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ತಾನೇ ಕಾದು ಹೊಗೆ ಬರುತ್ತದೆ. ಗಟ್ಟಿಯಾಗುವ ವೇಗ ಹೆಚ್ಚಿಸುವ ಕೋಬಾಲ್ಟ್ ಆಕ್ಸಿಲರೇಟರನ್ನೂ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಸೇರಿಸಬೇಡಿ, ಸಿಡಿಯುತ್ತದೆ. ಆಕ್ಸಿಲರೇಟರ್ ಮೊದಲು ರೆಸಿನ್‌ನಲ್ಲಿ ಚೆನ್ನಾಗಿ ಬೆರೆಯಬೇಕು, ಹಾರ್ಡನರ್ ಕೊನೆಗೆ. ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು, ಕಾರ್ಟ್ರಿಡ್ಜ್ ಇರುವ ಮಾಸ್ಕ್ ಇಲ್ಲದೆ ಡಬ್ಬ ತೆರೆಯಲೇಬೇಡಿ. ಬಟ್ಟೆ ಮಾಸ್ಕ್ ಸ್ಟೈರೀನ್ ಆವಿಯನ್ನು ತಡೆಯುವುದಿಲ್ಲ.

ಮ್ಯಾಟ್ ಚದರ ಮೀಟರಿಗೆ 450 ಗ್ರಾಮಿನದು, 3 ಪದರ. ಸುಮಾರು 3 ಮಿಲಿಮೀಟರ್ ದಪ್ಪ ಬರುತ್ತದೆ. ಪ್ರತಿ ಪದರದ ಮೇಲೂ ರೋಲರ್ ಒತ್ತಿ ಗಾಳಿ ಓಡಿಸಬೇಕು. ಫೈಬರ್ ಅಂದರೆ ಹಗುರ ಅನ್ನುತ್ತಾರೆ, ಅಲ್ವಾ? ರೆಸಿನ್ ಸೇರಿಸಿ ಚದರ ಮೀಟರಿಗೆ 5 ಕೆಜಿ ಹತ್ತಿರ ಬಂತು. 0.8 ಮಿಲಿಮೀಟರ್ ಸ್ಟೀಲ್ ತಗಡು 6.3 ಕೆಜಿ. ರೆಸಿನ್ ಸುರಿದಷ್ಟೂ ಆ ಅಂತರ ಕಡಿಮೆಯಾಗುತ್ತದೆ, ಬಲ ಮಾತ್ರ ಹೆಚ್ಚುವುದಿಲ್ಲ.

ಮೋಲ್ಡ್‌ನಿಂದ ಬಾಡಿ ಬಿಡಿಸುವ ದಿನ ಅಂಚಿನ ಸುತ್ತ ಮರದ ಬೆಣೆ ಹೊಡೆದು, ಸಂದಿಗೆ ನೀರು ಬಿಟ್ಟೆವು. ನೀರು ಪಿವಿಎಯನ್ನು ಕರಗಿಸುತ್ತದೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಒಳಗೆಲ್ಲೋ ಟಕ್ ಅಂತು, ಹಿಂದೆಯೇ ಉದ್ದಕ್ಕೂ ಚಟಚಟ ಶಬ್ದ. "ಅಣ್ಣಾ, ಬಿಡ್ತಾ ಇದೆ, ನಿಧಾನ!" ಎಂದು ತಮ್ಮ ಕೂಗಿದ. ಒಳಗಿನ ಪಟ್ಟಿಗಳನ್ನೆಲ್ಲ ಮೋಲ್ಡ್‌ನಲ್ಲಿರುವಾಗಲೇ ಅಂಟಿಸಿದ್ದೆ. ಇಲ್ಲದಿದ್ದರೆ ಹೊರಗೆ ತೆಗೆದ ಮೇಲೆ ಬಾಡಿ ತನ್ನ ಭಾರಕ್ಕೇ ಜೋಲುತ್ತದೆ, ಬಾಗಿಲು ಕೂರುವುದಿಲ್ಲ.

ಬಾಗಿಲಿನ ಸಂದಿ ಸುತ್ತಲೂ 5 ಮಿಲಿಮೀಟರ್ ಇರಲಿ ಎಂದುಕೊಂಡಿದ್ದೆ. ಎಡಗಡೆ ಬಾಗಿಲಿನ ಕೆಳಗೆ 7 ಇತ್ತು. ಹಿಂಜ್ ಕೆಳಗೆ ತೆಳುವಾದ ತಗಡಿಟ್ಟು ನೋಡಿದೆ, 6ಕ್ಕೆ ಬಂದಿದೆ. ಉಳಿದ ಒಂದು ಮಿಲಿಮೀಟರಿಗೆ ಈ ವಾರ ಅಂಚಿಗೆ ಮತ್ತೆ ರೆಸಿನ್ ಹಚ್ಚುತ್ತೇನೆ. ಟ್ಯೂಬ್‌ಲೈಟ್ ಇನ್ನೂ ಅಲ್ಲೇ ನೇತಾಡುತ್ತಿದೆ.