‘ಆಡಿಟರ್ ನೋಡ್ಕೋತಾರೆ’ ಅಂತ ಬಿಡಬೇಡಿ: ಕಂಪನಿ ರಿಟರ್ನ್‌ಗೆ ಈಗ ನೀವೇ ಕೊಡಬೇಕಾದ್ದು

ಬ್ಯಾಲೆನ್ಸ್ ಶೀಟ್‌ಗೆ ಸಹಿ ಹಾಕಿ, ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಆಡಿಟರ್ ಕೈಗೆ ಕೊಟ್ಟರೆ ಕಂಪನಿ ಫೈಲಿಂಗ್ ಮುಗೀತು ಅಂತಲೇ ನಮ್ಮ ಕಡೆ ಲೆಕ್ಕ. ದಾವಣಗೆರೆಯಲ್ಲಿ ನಾನು ರಿಟರ್ನ್ ಹಾಕಿಕೊಡುವ ಪಾರ್ಟಿಗಳು ಅಕ್ಕಿ ಗಿರಣಿಯವರು, ಅಡಿಕೆ ಹಾಳೆ ತಟ್ಟೆ ಮಾಡುವವರು, ಪಂಪ್‌ಸೆಟ್ ಮಾರುವವರು. ಎಲ್ಲವೂ ಪ್ರೈವೇಟ್ ಲಿಮಿಟೆಡ್, ಎಲ್ಲರದ್ದೂ ಅದೇ ಮಾತು.

2025ರ ಜುಲೈ 14ರಿಂದ ಆ ಮಾತು ನಡೆಯುವುದಿಲ್ಲ. ಅವತ್ತು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಲೆಕ್ಕಪತ್ರ ಸಲ್ಲಿಸುವ ಎಒಸಿ-4, ವಾರ್ಷಿಕ ರಿಟರ್ನ್‌ನ ಎಂಜಿಟಿ-7, ಎಂಜಿಟಿ-7ಎ ಫಾರಂಗಳನ್ನು ತನ್ನ ಪೋರ್ಟಲ್‌ನ ಹೊಸ ವಿ3 ಆವೃತ್ತಿಗೆ ತಂದಿತು. ಹೊಸ ಫಾರಂ ಕೇಳುವ ಎಷ್ಟೋ ವಿಷಯ ಆಡಿಟರ್ ಹತ್ತಿರ ಇರುವುದೇ ಇಲ್ಲ.

ಮೊದಲು ನಿಮ್ಮದು ‘ಸಣ್ಣ ಕಂಪನಿ’ ಹೌದೋ ಅಲ್ಲವೋ ನೋಡಿಕೊಳ್ಳಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಮೊದಲು ಪೇಯ್ಡ್-ಅಪ್ ಬಂಡವಾಳ (ಷೇರುದಾರರು ಕಟ್ಟಿದ ಹಣ) 4 ಕೋಟಿ, ವಹಿವಾಟು 40 ಕೋಟಿ ರೂಪಾಯಿ ಮಿತಿ ಇತ್ತು. 2025ರ ಡಿಸೆಂಬರ್ 1ರಿಂದ ಅದು 10 ಕೋಟಿ ಮತ್ತು 100 ಕೋಟಿ. ಎರಡೂ ಮಿತಿಯೊಳಗೇ ಇರಬೇಕು, ಒಂದಿದ್ದರೆ ಸಾಲದು. 55 ಕೋಟಿ ವಹಿವಾಟಿನ ಗಿರಣಿ ಕೂಡ ಈಗ ಸಣ್ಣದೇ! ಆದರೆ ಇನ್ನೊಂದು ಕಂಪನಿಯ ಅಧೀನ ಕಂಪನಿಯಾಗಿದ್ದರೆ, ಅಥವಾ ನಿಮ್ಮ ಕೆಳಗೇ ಇನ್ನೊಂದು ಕಂಪನಿ ಇದ್ದರೆ, ವಹಿವಾಟು ಎರಡೇ ಕೋಟಿ ಇದ್ದರೂ ಸಣ್ಣ ಕಂಪನಿ ಅಲ್ಲ. ಬೆಂಗಳೂರಿನ ಕಂಪನಿಯೊಂದು ಅರ್ಧಕ್ಕಿಂತ ಜಾಸ್ತಿ ಷೇರು ತಗೊಂಡಿದೆ ಅನ್ನುವವರು ಇದನ್ನು ಮೊದಲೇ ಹೇಳಿಬಿಡಿ. ನಾವಾಗಿ ಕೇಳುವ ತನಕ ಯಾರೂ ಹೇಳುವುದಿಲ್ಲ.

ಸಣ್ಣ ಕಂಪನಿಯಾದರೆ ವಾರ್ಷಿಕ ರಿಟರ್ನ್ ಎಂಜಿಟಿ-7ಎ. ಕಂಪನಿ ಸೆಕ್ರೆಟರಿ ಇಲ್ಲದಿದ್ದರೆ ಡೈರೆಕ್ಟರ್ ಸಹಿಯೇ ಸಾಕು. ಬೋರ್ಡ್ ರಿಪೋರ್ಟ್, ಅಂದರೆ ಡೈರೆಕ್ಟರ್‌ಗಳ ವಾರ್ಷಿಕ ವರದಿ ಕೂಡ ಚಿಕ್ಕದು. ಅಲ್ಲದಿದ್ದರೆ ಎಂಜಿಟಿ-7.

ಇನ್ನು ಫೋಟೊ. ವಾರ್ಷಿಕ ರಿಟರ್ನ್‌ಗೆ ನೋಂದಾಯಿತ ಕಚೇರಿಯ ಹೊರಗಿನ ಫೋಟೊ ಬೇಕು. ಕಟ್ಟಡ ಕಾಣಬೇಕು, ಅದರ ಮೇಲೆ ಕಂಪನಿ ಹೆಸರು ಎದ್ದು ಕಾಣಬೇಕು. ಜೊತೆಗೆ ಅಕ್ಷಾಂಶ, ರೇಖಾಂಶ. ಮೊಬೈಲ್ ಮ್ಯಾಪ್‌ನಲ್ಲಿ ಕಚೇರಿಯ ಜಾಗವನ್ನು ಒತ್ತಿ ಹಿಡಿದರೆ ಎರಡೂ ಅಂಕಿ ಸಿಗುತ್ತವೆ. ಹೇಳಲಿಕ್ಕೆ ಸುಲಭ. ಆದರೆ ನಮ್ಮಲ್ಲಿ ಅರ್ಧ ಕಂಪನಿಗಳ ನೋಂದಾಯಿತ ಕಚೇರಿ ಅಂದರೆ ಮಾಲೀಕರ ಮನೆ. ಬಾಗಿಲಿಗೆ ಮಾವಿನ ತೋರಣ ಇರುತ್ತದೆ, ಕಂಪನಿ ಬೋರ್ಡ್ ಇರುವುದಿಲ್ಲ. ಗೋಡೆಗೆ ಎ4 ಹಾಳೆ ಅಂಟಿಸಿ ಫೋಟೊ ತೆಗೆದು ಕಳಿಸುವವರಿದ್ದಾರೆ. ದಯವಿಟ್ಟು ಬೇಡ. ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಸರು, ವಿಳಾಸದ ಬೋರ್ಡ್ ಹೊರಗೆ ಯಾವಾಗಲೂ ಇರಬೇಕು. ಅದೂ ಆ ಊರಿನ ಭಾಷೆಯ ಲಿಪಿಯಲ್ಲೂ ಇರಬೇಕು. ಅಂದರೆ ನಮ್ಮಲ್ಲಿ ಕನ್ನಡದಲ್ಲಿ ಬರೆಸುವುದನ್ನು ದೆಹಲಿಯ ಕಾಯ್ದೆಯೇ ಹೇಳುತ್ತದೆ. ಒಂದು ಫ್ಲೆಕ್ಸ್ ಬೋರ್ಡ್‌ಗೆ ಎಷ್ಟಾದೀತು, ಮಾಡಿಸಿಬಿಡಿ. ಹಾಗೇ ಲೆಟರ್‌ಹೆಡ್ ಮೇಲೆ ಸಿಐಎನ್ (ಕಂಪನಿಯ ಗುರುತಿನ ಸಂಖ್ಯೆ), ಫೋನ್, ಇ-ಮೇಲ್ ಇದೆಯಾ ನೋಡಿ.

ಷೇರುದಾರರ ಪಟ್ಟಿಯನ್ನು ಪೋರ್ಟಲ್ ಕೊಡುವ ಎಕ್ಸೆಲ್ ಹಾಳೆಯಲ್ಲೇ ತುಂಬಬೇಕು. ಗಂಡಸರೆಷ್ಟು, ಹೆಂಗಸರೆಷ್ಟು, ತೃತೀಯ ಲಿಂಗಿಗಳೆಷ್ಟು ಎಂಬ ಲೆಕ್ಕವೂ ಬೇಕು. ಅಪ್ಪ ತೀರಿಕೊಂಡು ವರ್ಷಗಳಾದರೂ ಷೇರು ಅವರ ಹೆಸರಲ್ಲೇ ಇರುವುದು ಮನೆಮಂದಿಯ ಕಂಪನಿಗಳಲ್ಲಿ ಮಾಮೂಲು. ಅದನ್ನು ರಿಟರ್ನ್ ಹಾಕುವ ದಿನ ನೆನೆಸಿಕೊಳ್ಳಬೇಡಿ, ವಾರಸುದಾರರ ಹೆಸರಿಗೆ ಮೊದಲೇ ಮಾಡಿಸಿಕೊಳ್ಳಿ.

ಸಣ್ಣ ಕಂಪನಿ ಅಲ್ಲದವರಿಗೆ ಕೆಲಸ ಜಾಸ್ತಿ. ಲೈಂಗಿಕ ಕಿರುಕುಳದ ದೂರು ವರ್ಷದಲ್ಲಿ ಎಷ್ಟು ಬಂದವು, ಎಷ್ಟು ತೀರ್ಮಾನವಾದವು, 90 ದಿನ ದಾಟಿ ಎಷ್ಟು ಬಾಕಿ ಉಳಿದವು ಎಂದು ಬೋರ್ಡ್ ರಿಪೋರ್ಟ್‌ನಲ್ಲಿ ಬರೆಯಬೇಕು. ಹೆರಿಗೆ ಸೌಲಭ್ಯದ ಕಾನೂನು ಪಾಲಿಸಿದ್ದೇವೆ ಎಂಬ ಹೇಳಿಕೆಯೂ ಇರಬೇಕು. ‘ನಮ್ಮಲ್ಲಿ ಅಂಥದ್ದೇನೂ ಇಲ್ಲ ಸರ್, ಸೊನ್ನೆ ಹಾಕಿ’ ಅನ್ನುತ್ತಾರೆ. ಸೊನ್ನೆ ಹಾಕೋಣ, ಆದರೆ ಹತ್ತು ಜನ ಕೆಲಸಕ್ಕಿದ್ದ ಮೇಲೆ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕಲ್ವಾ? ಸಮಿತಿಯೇ ಇಲ್ಲದೆ ಬರೆದ ಸೊನ್ನೆಗೆ ಬೆಲೆ ಇಲ್ಲ. ಫಾರಂ ಮೇಲೆ ಸಹಿ ಇರುವುದು ನಿಮ್ಮದು, ನನ್ನದಲ್ಲ.

ದಿನಾಂಕದ ಲೆಕ್ಕ ಮೊದಲಿನದ್ದೇ. ಎಜಿಎಂ, ಅಂದರೆ ಷೇರುದಾರರ ವಾರ್ಷಿಕ ಸಭೆ, ಸೆಪ್ಟೆಂಬರ್ 30ರೊಳಗೆ. ಅಲ್ಲಿಂದ 30 ದಿನದೊಳಗೆ ಎಒಸಿ-4, 60 ದಿನದೊಳಗೆ ವಾರ್ಷಿಕ ರಿಟರ್ನ್. ತಪ್ಪಿದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ ಲೇಟ್ ಫೀ. ಇದಕ್ಕೆ ಗರಿಷ್ಠ ಮಿತಿ ಇಲ್ಲ. ಎರಡೂ ಫಾರಂ 90 ದಿನ ತಡವಾದರೆ 18,000 ರೂಪಾಯಿ ಹೋಯಿತು. ಹೊಸ ಫಾರಂ ಬಂದ ಮೊದಲ ವರ್ಷ ಸಚಿವಾಲಯವೇ ಗಡುವು ಮುಂದೂಡುತ್ತಾ 2026ರ ಜನವರಿ 31ರ ತನಕ ಲೇಟ್ ಫೀ ಬಿಟ್ಟಿತ್ತು. ಪ್ರತಿ ವರ್ಷ ಹಾಗೇ ಬಿಡುತ್ತಾರೆ ಅಂತ ಕಾದು ಕೂರಬೇಡಿ. ಸತತ ಮೂರು ವರ್ಷ ಹಾಕದೇ ಹೋದರೆ ಡೈರೆಕ್ಟರ್‌ಗಳು ಐದು ವರ್ಷ ಅನರ್ಹ.

ಒಂದು ಒಳ್ಳೆಯ ಸುದ್ದಿಯೂ ಇದೆ. ಡೈರೆಕ್ಟರ್‌ಗಳ ಕೆವೈಸಿ, ಅಂದರೆ ಡಿಐಆರ್-3 ಕೆವೈಸಿ, ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಆಗಬೇಕಿತ್ತು. ತಪ್ಪಿದರೆ ಡಿನ್ (ಡೈರೆಕ್ಟರ್ ಗುರುತಿನ ನಂಬರ್) ನಿಷ್ಕ್ರಿಯ, ಮತ್ತೆ ಸರಿಮಾಡಲು 5,000 ರೂಪಾಯಿ. 2026ರ ಮಾರ್ಚ್ 31ರಿಂದ ಅದು ಮೂರು ವರ್ಷಕ್ಕೊಮ್ಮೆ. ಆದರೆ ಮೊಬೈಲ್ ನಂಬರ್, ಇ-ಮೇಲ್, ಮನೆ ವಿಳಾಸ ಬದಲಾದರೆ 30 ದಿನದೊಳಗೆ ತಿಳಿಸಬೇಕು. ರೈತ ಉತ್ಪಾದಕ ಕಂಪನಿಗಳವರು ಇದನ್ನು ಗಟ್ಟಿಯಾಗಿ ಹಿಡಿಯಿರಿ. ಅಲ್ಲಿ ಡೈರೆಕ್ಟರ್‌ಗಳೇ ಐದರಿಂದ ಹದಿನೈದು ಜನ. ಅವರಲ್ಲಿ ಯಾರಾದರೊಬ್ಬರು ಆಫರ್ ನೋಡಿ ಸಿಮ್ ಬದಲಿಸಿರುತ್ತಾರೆ, ಒಟಿಪಿ ಹಳೇ ನಂಬರ್‌ಗೆ ಹೋಗುತ್ತದೆ.

ಪೋರ್ಟಲ್‌ಗೆ ಕೂರುವ ಮುಂಚೆ ಟೋಕನ್ ಅವಧಿ ಮುಗಿದಿಲ್ಲ ತಾನೇ ನೋಡಿ. ಹೊಸ ಡಿಎಸ್‌ಸಿ ತಗೊಂಡಿದ್ದರೆ ಅದನ್ನು ಪೋರ್ಟಲ್‌ನಲ್ಲಿ ಮತ್ತೆ ಜೋಡಿಸಬೇಕು. ಫಾರಂ ಆನ್‌ಲೈನ್‌ನಲ್ಲೇ ತುಂಬುವುದು, ಹಾಗಾಗಿ ಪುಟಪುಟಕ್ಕೂ ಸೇವ್ ಒತ್ತಿ. ತುಂಬಿ ಮುಗಿದ ಮೇಲೆ ಪಿಡಿಎಫ್ ಇಳಿಸಿಕೊಂಡು, ಡಿಎಸ್‌ಸಿ ಹಾಕಿ, ವಾಪಸ್ ಅಪ್‌ಲೋಡ್ ಮಾಡಿ ಫೀ ಕಟ್ಟಬೇಕು. ಕೊನೇ ವಾರ ಪೋರ್ಟಲ್ ಆಮೆ ನಡಿಗೆ. ಫೀ ಕಟ್ಟಿದ ಚಲನ್ ಮತ್ತು ಎಸ್‌ಆರ್‌ಎನ್ ನಂಬರ್ (ಫಾರಂ ಸಲ್ಲಿಸಿದ್ದಕ್ಕೆ ಪೋರ್ಟಲ್ ಕೊಡುವ ನಂಬರ್) ನಿಮ್ಮ ಇ-ಮೇಲ್‌ಗೂ ಕಳಿಸಿಕೊಳ್ಳಿ, ಆಡಿಟರ್ ಕಂಪ್ಯೂಟರ್‌ನಲ್ಲಷ್ಟೇ ಬಿಡಬೇಡಿ.